ಬ್ಲಾಕ್ ಹೀಟರ್: ಕೂಲಂಟ್ ಇಳಿಸುವ ಮೊದಲು ಮೀಟರ್ ಹಿಡಿಯಿರಿ

ಕೆನಡಾದ ವಿನ್ನಿಪೆಗ್, ಎಡ್ಮಂಟನ್ ಕಡೆ ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ ಹೊಸದೇನಲ್ಲ. ಆ ಚಳಿಗೆ ಎಂಜಿನ್ ಆಯಿಲ್ ಮಂದವಾಗುತ್ತದೆ, ಬ್ಯಾಟರಿಯ ಕಸುವೂ ಕುಗ್ಗುತ್ತದೆ. ಅದಕ್ಕೇ ಅಲ್ಲಿನ ಎಷ್ಟೋ ಕಾರುಗಳ ಮುಂದೆ ಬ್ಲಾಕ್ ಹೀಟರಿನ ಪ್ಲಗ್ ನೇತಾಡುತ್ತಿರುತ್ತದೆ. ನಮ್ಮ ಡೀಸೆಲ್ ಗಾಡಿಗಳ ಗ್ಲೋ ಪ್ಲಗ್ಗೇ ಇದು ಅಂದುಕೊಳ್ಳಬೇಡಿ. ಗ್ಲೋ ಪ್ಲಗ್ ಬ್ಯಾಟರಿಯಿಂದ ಸಿಲಿಂಡರಿನ ಒಳಗನ್ನು ಕಾಯಿಸುತ್ತದೆ. ಬ್ಲಾಕ್ ಹೀಟರ್ ಮನೆಯ ಕರೆಂಟಿನಿಂದ ಎಂಜಿನ್ ಬ್ಲಾಕಿನೊಳಗಿನ ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಾಯಿಸುತ್ತದೆ, ಬಕೆಟ್ಟಿಗಿಳಿಸುವ ಕಾಯಿಲ್ ಹಾಗೆ.

ಪರೀಕ್ಷೆಗೆ ಮೊದಲು ಲೆಕ್ಕ. ವೋಲ್ಟೇಜಿನ ವರ್ಗವನ್ನು ವಾಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್. ಕೆನಡಾದಲ್ಲಿ 120 ವೋಲ್ಟ್, ಹಾಗಾಗಿ 400 ವಾಟಿನ ಹೀಟರಿಗೆ 14,400 ÷ 400 = 36 ಓಮ್. ಡೀಸೆಲ್ ಪಿಕಪ್ಪಿನ 1,000 ವಾಟಿನದಾದರೆ 14.4. ಕರೆಂಟಿನಿಂದ ಪ್ಲಗ್ ಕಿತ್ತು, ಎರಡು ಚಪ್ಪಟೆ ಪಿನ್ನುಗಳ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಆಸುಪಾಸಿನ ಅಂಕಿ ಬಂದರೆ ಸರಿ. ಚಪ್ಪಟೆ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಮಾತ್ರ ಓಎಲ್ (OL, ಕರೆಂಟಿಗೆ ದಾರಿಯೇ ಇಲ್ಲ ಎಂದು ಮೀಟರ್ ತೋರುವ ಗುರುತು) ಇರಲೇಬೇಕು. ಅಂಕಿ ಕಂಡರೆ ಕರೆಂಟ್ ಗಾಡಿಯ ಮೈಗೆ ಸೋರುವ ಹೀಟರ್ ಅದು, ಪ್ಲಗ್ ಹಾಕಲೇಬೇಡಿ.

ಚಪ್ಪಟೆ ಪಿನ್ನುಗಳ ನಡುವೆಯೂ ಓಎಲ್ ಬಂದ ಕೂಡಲೇ ಹೀಟರ್ ಸತ್ತಿತು ಅನ್ನುವುದು ಅವಸರದ ತೀರ್ಪು. ಕೆಲವು ಗಾಡಿಗಳ ವೈರಿನಲ್ಲೇ ಥರ್ಮೋಸ್ಟಾಟ್ ಇರುತ್ತದೆ. ಸುಮಾರು ಮೈನಸ್ 18 ಡಿಗ್ರಿಗೆ ಇಳಿಯುವವರೆಗೂ ಅದು ಕರೆಂಟ್ ಬಿಡುವುದೇ ಇಲ್ಲ. ಬೆಚ್ಚಗಿನ ಗ್ಯಾರೇಜಿನಲ್ಲಿ ಅಂಥ ವೈರು ಚೆನ್ನಾಗಿದ್ದರೂ ಓಎಲ್ಲೇ! ಇನ್ನು ರಸ್ತೆಯ ಉಪ್ಪು, ಕೆಸರು ತಿಂದು ಪ್ಲಗ್ಗಿನ ಪಿನ್ನುಗಳು ಹಸಿರುಗಟ್ಟುವುದೂ ಉಂಟು. ವೈರನ್ನು ಹೀಟರಿನಿಂದ ಕಳಚಿ, ಹೀಟರಿನ ಪಿನ್ನುಗಳಲ್ಲೇ ಮತ್ತೆ ಅಳೆಯಿರಿ. ಅಲ್ಲಿ 36 ಬಂದರೆ ವೈರ್ ಬದಲಿಸಿದರಾಯಿತು, ಕೂಲಂಟ್ ಮುಟ್ಟುವ ಕೆಲಸವೇ ಇಲ್ಲ.

ಅಲ್ಲೂ ಓಎಲ್ ಆದರೆ ಹೀಟರೇ ಹೋಗಿದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲಂಟ್ ಇಳಿಸಿ. (ಅದು ಸಿಹಿ, ಆದರೆ ವಿಷ, ನಾಯಿ ಬೆಕ್ಕು ನೆಕ್ಕದಂತೆ ಮುಚ್ಚಿಡಿ.) ಹಲವು ಮಾದರಿಗಳಲ್ಲಿ ನಡುವಿನ ಸ್ಕ್ರೂ ಸಡಿಲಿಸಿದರೆ ಹೀಟರ್ ಹೊರಬರುತ್ತದೆ. ಹೊಸದನ್ನು ಕೂರಿಸುವ ತೂತಿನ ಅಂಚಿನಲ್ಲಿ ತುಕ್ಕು ಉಳಿದರೆ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸೋರುತ್ತದೆ, ಆದ್ದರಿಂದ ಉಜ್ಜುವುದರಲ್ಲಿ ಜಿಪುಣತನ ಬೇಡ. ಓ-ರಿಂಗಿಗೆ ಕೂಲಂಟ್ ಸವರಿ ಒಳಗೆ ತಳ್ಳಿ. ಎಲಿಮೆಂಟ್ ಒಳಗಿನ ಗೋಡೆಗೆ ತಾಗಬಾರದು. ಸೂಚನೆಯಲ್ಲಿ ಹೇಳಿದ ದಿಕ್ಕಿಗೇ ತಿರುಗಿಸಿ ಬಿಗಿಮಾಡಿ.

ಕೂಲಂಟ್ ತುಂಬಿ, ಎಂಜಿನ್ ಓಡಿಸಿ, ಕೂಲಂಟಿನೊಳಗಿನ ಗಾಳಿಯೆಲ್ಲ ಹೋದ ಮೇಲಷ್ಟೇ ಪ್ಲಗ್ ಹಾಕಿ. ಒಣ ಬ್ಲಾಕಿನಲ್ಲಿ ಪರೀಕ್ಷೆಗೆಂದು ಹಾಕಿದರೆ ಹೊಸ ಎಲಿಮೆಂಟ್ ಕ್ಷಣದಲ್ಲಿ ಸುಟ್ಟುಹೋದೀತು. ವೈರನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದಲೂ (ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಕೊಳವೆ) ಬೆಲ್ಟಿನಿಂದಲೂ ದೂರ ಕಟ್ಟಿ.