ಸೋರುವಲ್ಲಿಗೆ ಮಾತ್ರ ಗಮ್ ಹಾಕಿದರೆ ಸಾಲದು

"ಅಣ್ಣಾ, ಬಾಕಿ ಎಲ್ಲ ಸರಿ ಉಂಟು. ಈ ಮೂಲೆಯಲ್ಲಿ ಮಾತ್ರ ಒಂಚೂರು ಒಸರುತ್ತದೆ. ಅಲ್ಲಿಗಷ್ಟೇ ಗಮ್ ಹಾಕಿ ಕೊಟ್ರೆ ಸಾಕು."

ಬದಿಯಡ್ಕದಲ್ಲಿ ಮೀನಿನ ಟ್ಯಾಂಕ್ ಕಟ್ಟುವ, ರಿಪೇರಿ ಮಾಡುವ ಕೆಲಸ ಹಿಡಿದಂದಿನಿಂದ ಈ ಮಾತು ಕೇಳದೆ ಒಂದು ತಿಂಗಳು ಕಳೆದದ್ದಿಲ್ಲ. ಮನೆ ಖಾಲಿ ಮಾಡಿ ಗಲ್ಫಿಗೆ ಹೊರಟವರು ಅರ್ಧ ಬೆಲೆಗೆ ಕೊಟ್ಟ ಟ್ಯಾಂಕ್, ನಾಲ್ಕು ವರ್ಷ ಅಟ್ಟದಲ್ಲಿ ಒಣಗಿದ ಟ್ಯಾಂಕ್, ಮಂಗಳೂರಿನಿಂದ ಪಿಕಪ್ಪಿನಲ್ಲಿ ಕುಲುಕಿಕೊಂಡು ಬಂದ ಟ್ಯಾಂಕ್, ಎಲ್ಲದರ ಕತೆಯೂ ಇದೇ. ಹಳೆಯದು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಗ್ಲಾಸಿನ ಹಳೇ ಟ್ಯಾಂಕ್ ಹೊಸದಕ್ಕಿಂತ ವಾಸಿ. ಆದರೆ 'ಅಲ್ಲಿಗಷ್ಟೇ' ಎನ್ನುವುದನ್ನು ದಯವಿಟ್ಟು ಬಿಡಿ.

ಯಾಕೆಂದರೆ, ಗ್ಲಾಸು ಗ್ಲಾಸು ಕೂಡುವಲ್ಲಿ ಎರಡು ಸಿಲಿಕೋನ್ (ನೀವು ಗಮ್ ಎನ್ನುವ, ಒಣಗಿದರೆ ರಬ್ಬರಿನಂತಾಗುವ ಅಂಟು) ಇರುತ್ತದೆ. ಎರಡು ಗ್ಲಾಸಿನ ನಡುವೆ ತೆಳ್ಳಗೆ ಕೂತಿರುವುದು ಒಂದು. ಟ್ಯಾಂಕನ್ನು ಹಿಡಿದು ನಿಲ್ಲಿಸುವುದು ಅದೇ. ಒಳಮೂಲೆಯುದ್ದಕ್ಕೂ ಬೆರಳಿನಲ್ಲಿ ಎಳೆದ ಪಟ್ಟಿ ಇನ್ನೊಂದು. ಅದು ಮೊದಲನೆಯದಕ್ಕೆ ಕಾವಲು. ಈ ಒಳಪಟ್ಟಿ ಎಲ್ಲೋ ಒಂದು ಕಡೆ ಎದ್ದಿತೆಂದರೆ ನೀರು ಅದರ ಅಡಿಗೆ ನುಗ್ಗಿ, ಮೂಲೆ ಹಿಡಿದುಕೊಂಡೇ ಹರಿದು, ಎಲ್ಲಿ ಸಂದು ಸಿಗುತ್ತದೋ ಅಲ್ಲಿ ಹೊರಗೆ ಬರುತ್ತದೆ. ನಿಮಗೆ ಹನಿ ಕಾಣುವುದು ಎದುರಿನ ಮೂಲೆಯಲ್ಲಿ, ನೀರು ಒಳಹೊಕ್ಕಿರುವುದು ಒಂದಡಿ ಆಚೆ. ಅದೂ ಅಲ್ಲದೆ, ಒಣಗಿ ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ನಂಬುವಷ್ಟು ಗಟ್ಟಿಯಾಗಿ ಅಂಟುವುದಿಲ್ಲ. ಅದಕ್ಕೆ ಬೇಕಾದ್ದು ಬರಿಯ ಗ್ಲಾಸು. ಹೊರಗಿನಿಂದ ಬಳಿದರಂತೂ ಒಳಗಿನ ನೀರೇ ಅದನ್ನು ತಳ್ಳಿ ಎಬ್ಬಿಸುತ್ತದೆ.

ನೀರಿನ ಬಲವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕಿಗೆ ಸುಮಾರು 190 ಲೀಟರ್ ಹಿಡಿಯುತ್ತದೆ, ಅಂದರೆ ನೀರೇ 190 ಕಿಲೋ. ಎದುರಿನ ಗ್ಲಾಸೊಂದನ್ನೇ ಹೊರಕ್ಕೆ ದೂಡುವ ಬಲ ಹೆಚ್ಚುಕಡಿಮೆ 95 ಕಿಲೋ ಭಾರದಷ್ಟು. ಒಬ್ಬ ದಪ್ಪ ಮನುಷ್ಯ ಹಗಲೂ ರಾತ್ರಿ ಆ ಗ್ಲಾಸಿಗೆ ಒರಗಿ ಕೂತ ಹಾಗೆ.

ನೀರ್ಚಾಲು ಕಡೆಯ ನಿವೃತ್ತ ಮಾಷ್ಟ್ರೊಬ್ಬರು ಮೊಮ್ಮಗಳಿಗೆಂದು ಇಂಥದೇ ಟ್ಯಾಂಕ್ ತೆಗೆದುಕೊಂಡಿದ್ದರು. ಎಡಮೂಲೆ ಸೋರಿತು, ಗಮ್ ಹಾಕಿದರು. ಪುನಃ ಸೋರಿತು, ಅದರ ಮೇಲೆ ಪುನಃ ಹಾಕಿದರು. ನನ್ನಲ್ಲಿಗೆ ತರುವಾಗ ಮೂರು ಸಲ ಆಗಿತ್ತು. ಬ್ಲೇಡು ಹಾಕಿದರೆ ಪತ್ರೊಡೆಯ ಎಲೆಗಳ ಹಾಗೆ ಪದರು ಪದರಾಗಿ ಎದ್ದುಬಂತು. ನಿಜವಾದ ದಾರಿ ಇದ್ದದ್ದು ಹಿಂದಿನ ಮೂಲೆಯಲ್ಲಿ. ಹಿಂದಿನ ಯಜಮಾನ ಪಾಚಿ ಕೆರೆಯುವಾಗ ಒಳಪಟ್ಟಿಯನ್ನೇ ಸೀಳಿದ್ದ. ಮಾಷ್ಟ್ರು ಮೆತ್ತಗೆ, "ಛೆ, ನಾನು ಹುಡುಕಿದ್ದೇ ಬೇರೆ ಕಡೆ" ಎಂದರು. ನನಗೆ ಪಾಪ ಅನಿಸಿತು. ಅಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ.

ಹಾಗಾಗಿ ಒಳಪಟ್ಟಿಯನ್ನು ಪೂರ್ತಿ, ಎಲ್ಲ ಮೂಲೆಗಳಿಂದಲೂ ತೆಗೆಯಬೇಕು. ಹೊಸ ಬ್ಲೇಡಿನಲ್ಲಿ ಕೆರೆದು, ಸ್ಪಿರಿಟ್ ಅಥವಾ ಅಸಿಟೋನಿನಲ್ಲಿ ಒರೆಸಿ, ಆಮೇಲೆ ಅಲ್ಲಿ ಬೆರಳು ಇಡಬೇಡಿ, ಕೈಯ ಜಿಡ್ಡು ಸಾಕು ಹಾಳಾಗಲು. ಎರಡು ಬದಿಗೆ ಮಾಸ್ಕಿಂಗ್ ಟೇಪ್, ಸಿಲಿಕೋನ್ ಎಳೆದು ಒಂದೇ ಸಲ ಬೆರಳಾಡಿಸಿ, ಹಸಿ ಇರುವಾಗಲೇ ಟೇಪ್ ಕಿತ್ತುಬಿಡಿ. ಬಾತ್‌ರೂಮಿಗೆಂದು ಬೂಷ್ಟು ಹಿಡಿಯದ ಹಾಗೆ ಔಷಧಿ ಸೇರಿಸಿದ ಸಿಲಿಕೋನ್ ಬೇಡ, ಅದು ಮೀನಿಗೆ ವಿಷ. ಒಣಗುವಾಗ ವಿನೆಗರಿನಂತೆ ಹುಳಿ ವಾಸನೆ ಬರುವುದು ಸಹಜ. ಆ ವಾಸನೆ ಇರುವವರೆಗೆ ನೀರು ಹಾಕಬೇಡಿ. ನಾನು ಕಡಿಮೆಯೆಂದರೆ ಮೂರು ದಿನ, ಪಟ್ಟಿ ದಪ್ಪ ಇದ್ದರೆ ಒಂದು ವಾರ ಬಿಡುತ್ತೇನೆ.

ಇಷ್ಟೆಲ್ಲ ಹೇಳಿದ್ದು ಒಳಪಟ್ಟಿ ಮಾತ್ರ ಹಾಳಾದ ಟ್ಯಾಂಕಿಗೆ. ಗ್ಲಾಸಿನ ನಡುವಿನ ಸಿಲಿಕೋನಿನಲ್ಲೇ ಬಿಳಿ ಮಚ್ಚೆ, ಗಾಳಿಗುಳ್ಳೆ ಹಬ್ಬಿದ್ದರೆ ಪೂರ್ತಿ ಬಿಚ್ಚಿ ಕಟ್ಟಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಗ್ಲಾಸು ಬಿರಿದಿದ್ದರೆ ಗ್ಲಾಸೇ ಬದಲಾಗಬೇಕು. ಕಣ್ಣಲ್ಲಿ ನೋಡದೆ ನಾನು ಯಾವುದಕ್ಕೂ ಗ್ಯಾರಂಟಿ ಕೊಡುವುದಿಲ್ಲ.

ಪರೀಕ್ಷೆ ಚಾವಡಿಯಲ್ಲಿ ಬೇಡ, ಹೊರಗೆ ನೆರಳಿನಲ್ಲಿ ಮಾಡಿ. ಮಟ್ಟಸ ನೆಲ, ಅದರ ಮೇಲೆ ಪ್ಲೈವುಡ್. ಫ್ರೇಮ್ ಇಲ್ಲದ ಟ್ಯಾಂಕಾದರೆ ಪ್ಲೈವುಡ್ಡಿಗೂ ಟ್ಯಾಂಕಿಗೂ ನಡುವೆ ಥರ್ಮಾಕೋಲ್ ಇರಲಿ. ಸುತ್ತ ಹಳೇ ಪೇಪರ್ ಹಾಸಿ. ಮೊದಲು ಮೂರನೇ ಒಂದು ಪಾಲು ನೀರು, ಎರಡು ಗಂಟೆ ಬಿಟ್ಟು ಇನ್ನೊಂದು ಪಾಲು, ಆಮೇಲೆ ತುಂಬ. ತುಂಬಿಸುವಾಗ ಚೆಲ್ಲಿದ್ದನ್ನು ಒರೆಸಿ, ಒದ್ದೆಯಾದ ಪೇಪರ್ ಬದಲಿಸಿ, ಎರಡು ದಿನ ಹಾಗೇ ಬಿಡಿ. ಒಂದು ಹನಿ ಬಿದ್ದರೂ ಪೇಪರಿನಲ್ಲಿ ಕಲೆ ಕಾಣುತ್ತದೆ. ನೀರಿರುವ ಟ್ಯಾಂಕನ್ನು ಮಾತ್ರ ಒಂದಿಂಚೂ ಜರುಗಿಸಬೇಡಿ.

ಮಾಷ್ಟ್ರು ಮೂರನೇ ದಿನ ಬೆಳಿಗ್ಗೆಯೇ ಫೋನ್ ಮಾಡಿದರು. ಪೇಪರ್ ಒಣಗಿಯೇ ಉಂಟಂತೆ, ಸಂಜೆಗೆ ಮೀನು ಬಿಡಬಹುದೇ ಎಂದು ಕೇಳಿದರು. ಆ ನೀರನ್ನು ಅಡಿಕೆ ಬುಡಕ್ಕೆ ಚೆಲ್ಲಿ, ತೊಳೆದು ಹೊಸ ನೀರು ತುಂಬಿಸಿ ಫಿಲ್ಟರ್ ಓಡಿಸಿ, ನೀರು ಮೀನಿಗೆ ಹದವಾಗಲು ಇನ್ನೂ ಕೆಲವು ವಾರ ಕಾಯಬೇಕು ಎಂದೆ. ಆಚೆಯಿಂದ ಮೊಮ್ಮಗಳ ದೊಡ್ಡ ನಿಟ್ಟುಸಿರು ಕೇಳಿಸಿತು.