ಸೂಜಿ ಇಲ್ಲದ ದಿನ ಸೂಜಿಯ ಮಾತು

ಮೊನ್ನೆ ಕ್ಲಿನಿಕ್ಕಿಗೆ ಬಂದವನಿಗೆ ಎರಡೂವರೆ ವರ್ಷ. ಸರದಿ ಬಂತೆಂದು ಅಮ್ಮ ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡರು. ಅಷ್ಟೇ! ನೆಲಕ್ಕೆ ಬಿದ್ದು ಹೊರಳಾಡಿ, ಸಾಲಾಗಿದ್ದ ಚಪ್ಪಲಿಗಳನ್ನೆಲ್ಲ ಒದ್ದು ರಂಪ ಮಾಡಿದ. ಅಜ್ಜಿ ನನ್ನತ್ತ ಬೆರಳು ತೋರಿಸಿ, "ಅಲ್ನೋಡು, ಡಾಕ್ಟ್ರು ಸೂಜಿ ಚುಚ್ತಾರೆ" ಅಂದರು. ಅಳು ಗಕ್ಕನೆ ನಿಂತಿತು.

ಹೆದರಿ ಬಾಯಿ ಮುಚ್ಚುವುದೇ ಬೇರೆ, ಮನಸ್ಸು ತಿಳಿಯಾಗುವುದೇ ಬೇರೆ. ಸಿಟ್ಟಿಗೆ ಲಗಾಮು ಹಾಕುವುದು ಮಿದುಳಿನ ಮುಂಭಾಗ. ಅದು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷದ ಆಸುಪಾಸು ಆಗಬೇಕು. ಒಂದೂವರೆಯಿಂದ ಮೂರು ವರ್ಷದ ಮಗುವಿಗಂತೂ ಆಸೆ ಬೆಟ್ಟದಷ್ಟು, ಅದನ್ನು ಹೇಳಲು ಮಾತು ಬೊಗಸೆಯಷ್ಟು. ಹಾಗಾಗಿ ಅದು ಸಮಾಧಾನವನ್ನು ದೊಡ್ಡವರಿಂದ ಕಡ ತರುತ್ತದೆ. ನಾವೇ ಕೂಗಾಡುತ್ತಿದ್ದರೆ ಕಡ ಕೊಡುವವರು ಯಾರು? ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಫೋನ್ ಹೋಯ್ತು ಅಂತ ಸಿಟ್ಟು ಬಂತಾ ಪುಟ್ಟಾ?" ಅನ್ನಿ, ಸುಮ್ಮನೆ ಕಾಯಿರಿ. ಫೋನ್ ಮಾತ್ರ ಮತ್ತೆ ಕೊಡಬೇಡಿ.

2013ರಲ್ಲಿ ಪ್ರಕಟವಾದ, ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಮೂರರಿಂದ ಐದು ವರ್ಷದ 28 ಮಕ್ಕಳು. ಬಣ್ಣ ಹಚ್ಚಲು ಒಳ್ಳೆಯ ಸಾಮಾನು ತರುತ್ತೇನೆಂದು ಹೇಳಿಹೋದವರು ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಹತ್ತಿರ ಬರಿಗೈಯಲ್ಲಿ ವಾಪಸಾದರು. ಆಮೇಲೆ ಎದುರಿಗೆ ಒಂದು ಮಾರ್ಷ್‌ಮ್ಯಾಲೋ ಮಿಠಾಯಿ ಇಟ್ಟು, ತಿನ್ನದೆ ಕಾದರೆ ಇನ್ನೊಂದು ಸಿಗುತ್ತದೆ ಅಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮೋಸಹೋದವರು ಬರೀ 3 ನಿಮಿಷ. ತಾಳ್ಮೆ ಇಲ್ಲವೆಂದು ಮಗುವನ್ನು ಬೈಯುವ ಮುಂಚೆ ನಮ್ಮ ಮಾತಿನ ಲೆಕ್ಕ ನೋಡಿಕೊಳ್ಳಬೇಕಲ್ಲವೇ? "ಈಗ ಬಂದೆ" ಎಂದು ಹಿಂಬಾಗಿಲಿಂದ ಆಫೀಸಿಗೆ ಜಾರಿಕೊಳ್ಳುವ ಅಪ್ಪ ಅಮ್ಮಂದಿರು ಕಮ್ಮಿಯೇನಿಲ್ಲ. ಅತ್ತರೂ ಸರಿ, ಹೇಳಿಯೇ ಹೋಗಿ.

ತಡೆದುಕೊಳ್ಳುವುದನ್ನು ಕಲಿಸಲು ದುಬಾರಿ ಕಿಟ್ ತರಿಸಿದ್ದೇವೆ ಅನ್ನುವವರಿಗೆ ನಾನು ಕೇಳುವುದು ಒಂದೇ: ಕೆರೆ-ದಡ ಆಡಿಸಿದ್ದೀರಾ? "ಕೆರೆ" ಎಂದರೆ ಗೆರೆಯೊಳಗೆ, "ದಡ" ಎಂದರೆ ಹೊರಗೆ. "ದಡ, ದಡ" ಎಂದು ಎರಡು ಸಲ ಕೂಗಿದಾಗ ನೆಗೆಯಲು ಎತ್ತಿದ ಕಾಲನ್ನು ಮಗು ಹಿಂದಕ್ಕೆಳೆಯುತ್ತದಲ್ಲ, ಮಿದುಳಿನ ಆ ಲಗಾಮಿಗೆ ಅದೇ ಗರಡಿ. ನಾಲ್ಕೈದು ವರ್ಷದವರಿಗೆ ಹೇಳಿ ಮಾಡಿಸಿದ ಆಟ. ಔಟಾದವನು ಮುನಿಸಿಕೊಂಡು ಹೋಗಿ, ಎರಡೇ ನಿಮಿಷಕ್ಕೆ ತಾನಾಗಿ ವಾಪಸು ಬರುತ್ತಾನೆ. ಮನೆಯಲ್ಲಿ ಒಂದೇ ಮಗುವಿದ್ದರೆ ಈ ಪಾಠಕ್ಕೆ ಬೀದಿಯೇ ಗತಿ.

ಅಳುತ್ತ ಉಸಿರು ಕಟ್ಟಿ ನೀಲಿಯಾಗುವ ಮಕ್ಕಳನ್ನು ಮಾತ್ರ ಒಮ್ಮೆ ವೈದ್ಯರಿಗೆ ತೋರಿಸಿ. ಅದು ಬಹುತೇಕ ಅಪಾಯವಿಲ್ಲದ್ದು. ಆದರೆ ಕೆಲವರಲ್ಲಿ ಕಬ್ಬಿಣಾಂಶದ ಕೊರತೆ ಇರುತ್ತದೆ, ಟಾನಿಕ್ ಕೊಟ್ಟರೆ ಕಡಿಮೆಯಾಗುತ್ತದೆ.

ಅಂದಹಾಗೆ, ಆ ಹುಡುಗನಿಗೆ ಇದ್ದದ್ದು ಬರೀ ನೆಗಡಿ. ಸೂಜಿ ಇರಲೇ ಇಲ್ಲ. ಮುಂದಿನ ತಿಂಗಳು ಲಸಿಕೆಗೆ ಬರುವಾಗ ಅಜ್ಜಿ, "ಏನೂ ಮಾಡಲ್ಲ ಬಾ ಕಂದಾ" ಎಂದೇ ಕರೆತರುತ್ತಾರೇನೋ ಅನ್ನಿಸಿ, ಚೀಟಿಯಲ್ಲಿ ಔಷಧಿಯ ಕೆಳಗೆ ಬರೆದುಕೊಟ್ಟೆ: "ಅವತ್ತು ಚುಚ್ಚುತ್ತಾರೆ, ಸ್ವಲ್ಪ ನೋಯುತ್ತದೆ ಎಂದು ಮನೆಯಲ್ಲೇ ಹೇಳಿ ಕರೆತನ್ನಿ."