ಗಂಟಲು ಹಿಡಿಯದ ಆಲಿವ್ ಎಣ್ಣೆಗೆ ಅಷ್ಟು ದುಡ್ಡು ಯಾಕೆ?

ಹುಬ್ಬಳ್ಳಿ-ಧಾರವಾಡದ ದೊಡ್ಡ ಅಂಗಡಿಗಳಲ್ಲಿ ಆಲಿವ್ ಎಣ್ಣೆ ಈಗ ಅಪರೂಪದ್ದಲ್ಲ. ಕೊಲೆಸ್ಟ್ರಾಲ್ ಇದೆ ಅಂತ ಗೊತ್ತಾದ ಕೂಡಲೇ ಒಂದು ಡಬ್ಬಿ ಒಯ್ದು, ಅದರಲ್ಲೇ ಒಗ್ಗರಣೆ ಹಾಕಿ, ಅದರಲ್ಲೇ ಮಿರ್ಚಿ ಬಜಿ ಕರಿಯುವವರಿದ್ದಾರೆ. ಈ ಎಣ್ಣೆಯಲ್ಲಿ ಹೃದಯಕ್ಕೆ ಒಳ್ಳೆಯದು ಎನ್ನಿಸಿಕೊಂಡಿರುವುದು ಮುಖ್ಯವಾಗಿ ಎರಡು. ಒಂದು ಓಲಿಯಿಕ್ ಆಮ್ಲ ಎಂಬ ಕೊಬ್ಬಿನಂಶ. ಅದು ನಮ್ಮ ಶೇಂಗಾ ಎಣ್ಣೆಯಲ್ಲೂ ಸಾಕಷ್ಟಿದೆ. ಅದೊಂದಕ್ಕಾಗಿ ಹಲವು ಪಟ್ಟು ಬೆಲೆ ಕೊಡಬೇಕಿಲ್ಲ. ಇನ್ನೊಂದು ಪಾಲಿಫಿನಾಲ್‌ಗಳು, ಗಿಡ ತನ್ನ ರಕ್ಷಣೆಗೆ ತಯಾರಿಸಿಕೊಳ್ಳುವ ಕಹಿ ಪದಾರ್ಥಗಳು. ಹೆಚ್ಚಿನ ದುಡ್ಡು ಹೋಗಬೇಕಾದ್ದು ಇವಕ್ಕೆ. ಬಾಣಲೆಯಲ್ಲಿ ಮೊದಲು ಹಾಳಾಗುವುದೂ ಇವೇ.

ಆಲಿವ್ ಎಲೆ ಮತ್ತು ಹಸಿಕಾಯಿಯ ಕಹಿಗೆ ಕಾರಣ ಓಲ್ಯುರೋಪಿನ್ ಎಂಬ ಪಾಲಿಫಿನಾಲ್. ಕಾಯಿ ಮಾಗುವಾಗ, ಅರೆಯುವಾಗ ಅದು ಒಡೆದು ಹೈಡ್ರಾಕ್ಸಿಟೈರೋಸಾಲ್ ಮತ್ತು ಅದರ ಸಂಬಂಧಿಗಳಾಗುತ್ತದೆ. ಮೂರನೆಯದು ಓಲಿಯೋಕ್ಯಾಂಥಾಲ್. ನೋವಿಗೆ ಕೊಡುವ ಐಬುಪ್ರೊಫೇನ್ ಮಾತ್ರೆ ತಡೆಯುವ ಉರಿಯೂತದ ಕಿಣ್ವಗಳನ್ನೇ ಇದೂ ತಡೆಯುತ್ತದೆಂದು 2005ರಲ್ಲಿ ಪ್ರಕಟವಾಯಿತು. ಆದರೆ ಲೆಕ್ಕ ನೋಡಿ: ಒಳ್ಳೆಯ ಎಣ್ಣೆ 50 ಗ್ರಾಂ ಸೇವಿಸಿದರೆ ಸಿಗುವುದು ದೊಡ್ಡವರಿಗೆ ಕೊಡುವ ಐಬುಪ್ರೊಫೇನ್ ಡೋಸಿನ ಸುಮಾರು ಹತ್ತನೇ ಒಂದು ಭಾಗದಷ್ಟು ಪರಿಣಾಮ. ಮೊಣಕಾಲು ನೋವಿಗೆಂದು ಚಮಚಗಟ್ಟಲೆ ಕುಡಿದರೆ ತೂಕ ಏರುತ್ತದೆ, ನೋವು ಹಾಗೇ ಉಳಿಯುತ್ತದೆ.

ಯುರೋಪಿನ ಒಕ್ಕೂಟ 2012ರಲ್ಲಿ ಒಂದು ಅಳತೆ ಗೊತ್ತುಮಾಡಿದೆ. ರಕ್ತದಲ್ಲಿನ ಕೊಬ್ಬು ಆಕ್ಸಿಡೀಕರಣಕ್ಕೆ (ಆಮ್ಲಜನಕ ಸೇರಿ ಕೆಡುವುದಕ್ಕೆ) ಒಳಗಾಗದಂತೆ ಕಾಯುತ್ತದೆ ಎಂದು ಬಾಟಲಿಯ ಮೇಲೆ ಬರೆಯಬೇಕಾದರೆ, 20 ಗ್ರಾಂ ಎಣ್ಣೆಯಲ್ಲಿ ಕನಿಷ್ಠ 5 ಮಿಲಿಗ್ರಾಂ ಹೈಡ್ರಾಕ್ಸಿಟೈರೋಸಾಲ್ ಮತ್ತು ಅದರ ಸಂಬಂಧಿಗಳಿರಬೇಕು. ಅಂದರೆ ಕಿಲೋಗೆ 250 ಮಿಲಿಗ್ರಾಂ. ದಿನಕ್ಕೆ 20 ಗ್ರಾಂ ಎಂದರೆ ಒಂದೂವರೆ ಟೇಬಲ್ ಚಮಚ, ಸುಮಾರು 180 ಕ್ಯಾಲರಿ. ಇದನ್ನು ಬಳಸಬೇಕಾದ್ದು ಈಗ ಹಾಕುತ್ತಿರುವ ಎಣ್ಣೆಯ ಬದಲಿಗೆ, ಅದರ ಮೇಲೆ ಸುರಿಯುವುದಕ್ಕಲ್ಲ. ಪಲ್ಯೆಗೆ ಎಂದಿನಷ್ಟೇ ಶೇಂಗಾ ಎಣ್ಣೆ ಹಾಕಿ, ಮೇಲಿಂದ ಇದನ್ನೂ ತಿಂದರೆ ಲಾಭ ಅಲ್ಲಿಗೇ ಮುಗಿಯಿತು.

ಬಾಟಲಿಯ ಮೇಲೆ ನೋಡಬೇಕಾದ್ದು ‘ಎಕ್ಸ್‌ಟ್ರಾ ವರ್ಜಿನ್’ ಎಂಬ ಮಾತು, ಅಂದರೆ ರಿಫೈನ್ ಮಾಡದೆ ಕಾಯಿ ಹಿಂಡಿಯೇ ತೆಗೆದದ್ದು. ಇದರ ಆಮ್ಲೀಯತೆ ಶೇ 0.8 ಮೀರುವಂತಿಲ್ಲ. ಬರೇ ‘ಆಲಿವ್ ಆಯಿಲ್’ ಎಂದಿದ್ದರೆ ಹೆಚ್ಚಿನ ಪಾಲು ರಿಫೈನ್ ಮಾಡಿದ್ದು. ‘ಪೋಮೇಸ್’ ಎಂದರೆ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಹಾಕಿ ತೆಗೆದದ್ದು. ‘ಎಕ್ಸ್‌ಟ್ರಾ ಲೈಟ್’ನಲ್ಲಿ ಲೈಟ್ ಇರುವುದು ಬಣ್ಣ ಮತ್ತು ರುಚಿ, ಕ್ಯಾಲರಿ ಒಂದೇ. ಈ ಮೂರರಲ್ಲೂ ಪಾಲಿಫಿನಾಲ್ ನೆಚ್ಚಿಕೊಳ್ಳುವಷ್ಟಿಲ್ಲ. ಎಕ್ಸ್‌ಟ್ರಾ ವರ್ಜಿನ್ ಆದರೂ ಹಳೆಯದಾದರೆ ಹಾಗೆಯೇ. ಕೊಯ್ಲಿನ ತಿಂಗಳು ಬರೆದಿದ್ದರೆ ಅದನ್ನು ನೋಡಿಯೇ ಕೊಳ್ಳಿ.

ಪ್ರಯೋಗಾಲಯವಿಲ್ಲದೆ ಪರೀಕ್ಷಿಸುವುದು ಹೀಗೆ. ಸಣ್ಣ ಬಟ್ಟಲಲ್ಲಿ ಒಂದು ಚಮಚ ಎಣ್ಣೆ ಹಾಕಿ, ಅಂಗೈಯಲ್ಲಿ ಎರಡು ನಿಮಿಷ ಬೆಚ್ಚಗಿಟ್ಟುಕೊಂಡು ಮೂಸಿ. ಹಳೆ ಶೇಂಗಾದ ಕಮಟು ವಾಸನೆ ಬಂದರೆ ಅಲ್ಲಿಗೇ ಬಿಡಿ. ಬಾರದಿದ್ದರೆ ಗುಟುಕರಿಸಿ, ಗಾಳಿ ಎಳೆದುಕೊಂಡು ನುಂಗಿ. ನಾಲಿಗೆಗೆ ಕಹಿ, ಆಮೇಲೆ ಗಂಟಲಲ್ಲಿ ಚುರುಕು, ಒಂದೆರಡು ಕೆಮ್ಮು ಬರಬೇಕು. ಬ್ಯಾಡಗಿ ಮೆಣಸಿನಕಾಯಿಯ ಖಾರ ಬಾಯಿತುಂಬ ಹರಡಿದರೆ ಓಲಿಯೋಕ್ಯಾಂಥಾಲ್ ಹಿಡಿಯುವುದು ಗಂಟಲನ್ನೇ. ‘ಎಣ್ಣೆ ಕೆಟ್ಟಿದೆ, ಗಂಟಲು ಕೆರೆಯುತ್ತದೆ’ ಎಂದು ವಾಪಸು ಕೊಡುವ ಬಾಟಲಿ ಎಷ್ಟೋ ಸಲ ಆ ಅಂಗಡಿಯಲ್ಲಿದ್ದವುಗಳಲ್ಲೇ ಒಳ್ಳೆಯದಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾಯಿತೇ ಎಂದು ನೋಡುವ ಪರೀಕ್ಷೆಗೆ ಅರ್ಥವಿಲ್ಲ.

ಬಳಕೆಗೆ ನಮ್ಮ ಊಟದಷ್ಟು ಹೊಂದುವ ಊಟ ಬೇರೆ ಹುಡುಕಬೇಕಿಲ್ಲ. ಜೋಳದ ರೊಟ್ಟಿಯ ಜೊತೆ ಗುರೆಳ್ಳು, ಅಗಸಿ, ಶೇಂಗಾ ಚಟ್ನಿಪುಡಿಗೆ ಹಸಿ ಎಣ್ಣೆ ಕಲಸಿಕೊಳ್ಳುವುದು ಇಲ್ಲಿ ಮೊದಲಿನಿಂದಲೂ ಇದೆ. ಅಲ್ಲಿ ಎರಡು ಟೀ ಚಮಚ ಇದನ್ನೇ ಹಾಕಿ. ಸೌತಿಕಾಯಿ, ಉಳ್ಳಾಗಡ್ಡಿ, ಮೆಂತ್ಯ ಸೊಪ್ಪಿನ ಪಚಡಿಗೆ ಒಂದು ಚಮಚ. ಬೇಳೆಗೆ ಹಾಕುವುದಾದರೆ ಒಲೆ ಆರಿಸಿದ ಮೇಲೆ. ಕಡಿಮೆ ಉರಿಯಲ್ಲಿ ನಾಲ್ಕೈದು ನಿಮಿಷ ಬಾಡಿಸಿದರೆ ಎಲ್ಲವೂ ಹೋಗಿಬಿಡುವುದಿಲ್ಲ. ಆದರೆ 180 ಡಿಗ್ರಿಯಲ್ಲಿ ಅರ್ಧ ತಾಸು ಕರಿದರೆ, ಅದೇ ಎಣ್ಣೆಯನ್ನು ಮರುದಿನ ಮತ್ತೆ ಕಾಯಿಸಿದರೆ, ಹೈಡ್ರಾಕ್ಸಿಟೈರೋಸಾಲ್ ಬಹುಪಾಲು ಉಳಿಯದು.

250 ಮಿಲಿಯ ಗಾಢ ಬಣ್ಣದ ಬಾಟಲಿ ಸಾಕು. ಒಲೆಯ ಪಕ್ಕ, ಕಿಟಕಿಯ ಬಳಿ ಇಡಬೇಡಿ. ಏಪ್ರಿಲ್-ಮೇ ತಿಂಗಳಲ್ಲಂತೂ ಮನೆಯ ಅತ್ಯಂತ ತಂಪಾದ ಕಪಾಟಿನಲ್ಲಿಡಿ. ತೆರೆದ ಮೇಲೆ ಎರಡು ತಿಂಗಳೊಳಗೆ ಮುಗಿಸಿ.

ಪಿಜ್ಜಾ ಮೇಲಿನ ಆಲಿವ್ ಕಾಯಿಗಳ ವಿಷಯ: ಡಬ್ಬಿಯ ಕರಿ ಆಲಿವ್ ಬಹುತೇಕ ಕ್ಷಾರದಲ್ಲಿ ಕಹಿ ತೆಗೆದು ಕಪ್ಪಾಗಿಸಿದ್ದು. ಕಹಿಯ ಜೊತೆ ಪಾಲಿಫಿನಾಲಿನ ಬಹುಪಾಲೂ ಹೋಗಿ ಉಪ್ಪು ಉಳಿದಿರುತ್ತದೆ.

ಆಲಿವ್ ಎಲೆಯ ಸಾರದ ಕ್ಯಾಪ್ಸೂಲ್ ಬೇರೆಯೇ ಮಾತು. 2011ರಲ್ಲಿ ಪ್ರಕಟವಾದ ಇಂಡೋನೇಷ್ಯಾದ ಅಧ್ಯಯನದಲ್ಲಿ, ಆರಂಭಿಕ ಹಂತದ ಬಿಪಿ ಇದ್ದವರಿಗೆ 500 ಮಿಲಿಗ್ರಾಂ ಎಲೆಸಾರವನ್ನು ದಿನಕ್ಕೆ ಎರಡು ಸಲ, ಎಂಟು ವಾರ ಕೊಟ್ಟಾಗ ಬಿಪಿಗೇ ಕೊಡುವ ಕ್ಯಾಪ್ಟೋಪ್ರಿಲ್ ಮಾತ್ರೆಯ ಹತ್ತಿರ ಹತ್ತಿರ ಬಿಪಿ ಇಳಿಯಿತು. ಅಷ್ಟು ಕೆಲಸ ಮಾಡುತ್ತದೆ ಎಂಬುದೇ ಎಚ್ಚರಿಕೆಗೂ ಕಾರಣ. ಲೇಬಲ್ಲಿನಲ್ಲಿ ಎಲೆಪುಡಿಯ ತೂಕವನ್ನಲ್ಲ, ಓಲ್ಯುರೋಪಿನ್‌ನ ಶೇಕಡಾವಾರನ್ನು ನೋಡಿ: ಶೇ 20 ಇದ್ದರೆ 500 ಮಿಲಿಗ್ರಾಂನಲ್ಲಿ 100 ಮಿಲಿಗ್ರಾಂ. ಏನೂ ಬರೆದಿಲ್ಲವಾದರೆ ಕೊಳ್ಳಬೇಡಿ. ಬಿಪಿ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಸೇರಿಸಿಕೊಂಡರೆ ಎರಡೂ ಕೂಡಿ ಬಿಪಿ, ಸಕ್ಕರೆ ಅತಿಯಾಗಿ ಇಳಿಯಬಹುದು. ವೈದ್ಯರಿಗೆ ಹೇಳದೆ ಶುರುಮಾಡಬಾರದು, ಮಾತ್ರೆ ಬಿಟ್ಟು ಇದನ್ನು ಹಿಡಿಯಲೂಬಾರದು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಬೇಡವೇ ಬೇಡ. ಎದ್ದು ನಿಂತಾಗ ಕಣ್ಣುಕತ್ತಲೆ ಬಂದರೆ ಕ್ಯಾಪ್ಸೂಲ್ ನಿಲ್ಲಿಸಿ, ಕುಳಿತುಕೊಂಡು ಬಿಪಿ ನೋಡಿಸಿ, ಆ ಅಂಕಿ ಮತ್ತು ಡಬ್ಬಿ ಎರಡನ್ನೂ ವೈದ್ಯರಿಗೆ ತೋರಿಸಿ.